ಸಂಸತ್ತಿನ ಸ್ಥಾನ ಕಡಿತಕ್ಕೆ ಜನಮತ: ಇಟಲಿ ಮಾಡಿದ್ದೇನು, ಬಾಕಿ ಬಿಟ್ಟಿದ್ದೇನು?

ಓದುಗರ ಪ್ರಶ್ನೆ: ಇಟಲಿಯಲ್ಲಿ ಜನರೇ ಮತ ಹಾಕಿ ಸಂಸದರ ಸಂಖ್ಯೆಯನ್ನು ಮೂರನೇ ಒಂದು ಭಾಗದಷ್ಟು ಇಳಿಸಿದರು ಎಂದು ಓದಿದೆ. ಅದು ಹೇಗೆ ಸಾಧ್ಯವಾಯಿತು? ನಿಜಕ್ಕೂ ಎಷ್ಟು ಹಣ ಉಳಿಯಿತು? ಕರ್ನಾಟಕದಲ್ಲಿ ಶಾಸಕರ ಸಂಖ್ಯೆ ಕಡಿಮೆ ಮಾಡಿ ಎಂದು ನಾವೂ ಹೀಗೆ ಜನಮತ ಕೇಳಬಹುದೇ?

ಉತ್ತರ: ನೀವು ಓದಿದ್ದು ನಿಜ. 2020ರ ಸೆಪ್ಟೆಂಬರ್ 20 ಮತ್ತು 21ರಂದು ಇಟಲಿಯಲ್ಲಿ ಜನಮತ ಸಂಗ್ರಹ ನಡೆಯಿತು. ಕೆಳಮನೆಯ 630 ಸ್ಥಾನಗಳು 400ಕ್ಕೆ, ಸೆನೆಟ್‌ನ 315 ಸ್ಥಾನಗಳು 200ಕ್ಕೆ ಇಳಿದವು. ಅಂದರೆ ಚುನಾಯಿತರ ಒಟ್ಟು ಸಂಖ್ಯೆ 945ರಿಂದ 600ಕ್ಕೆ ಬಂತು. ಮತ ಹಾಕಿದವರಲ್ಲಿ ಸುಮಾರು ಶೇ 70ರಷ್ಟು ಮಂದಿ ‘ಹೌದು’ ಎಂದರು. 20 ಪ್ರದೇಶಗಳಲ್ಲಿ ಒಂದೂ ‘ಬೇಡ’ ಎನ್ನಲಿಲ್ಲ. ಇಟಲಿಯ ಜನಸಂಖ್ಯೆ ಸುಮಾರು 6 ಕೋಟಿ, ಹೆಚ್ಚುಕಡಿಮೆ ಕರ್ನಾಟಕದಷ್ಟೇ. ಹಾಗಾಗಿ ಅಲ್ಲಿನ ಲೆಕ್ಕವನ್ನು ನಮ್ಮ ನೆಲಕ್ಕೆ ಹೊಂದಿಸಿ ನೋಡುವುದು ಸುಲಭ.

ಮೊದಲು, ಅಲ್ಲಿ ಜನರ ಮುಂದೆ ಪ್ರಶ್ನೆ ಬಂದದ್ದು ಹೇಗೆ ಎಂಬುದನ್ನು ನೋಡೋಣ. ಇದು ಸಹಿ ಸಂಗ್ರಹದಿಂದ ಶುರುವಾದ ಜನಾಂದೋಲನವಲ್ಲ. ಇಟಲಿ ಸಂವಿಧಾನದ 138ನೇ ವಿಧಿ ಸಂವಿಧಾನ ತಿದ್ದುಪಡಿಗೆ ಒಂದು ಕ್ರಮ ಹಾಕಿಕೊಟ್ಟಿದೆ. ಒಂದೇ ಪಠ್ಯವನ್ನು ಎರಡೂ ಸದನಗಳು ಎರಡೆರಡು ಬಾರಿ ಒಪ್ಪಬೇಕು, ಎರಡು ಸುತ್ತಿನ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇರಬೇಕು. ಎರಡನೇ ಸುತ್ತಿನಲ್ಲಿ ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ ಬಂದರೆ ಅಲ್ಲಿಗೆ ಮುಗಿಯಿತು, ಜನರ ಬಳಿ ಹೋಗುವ ಪ್ರಮೇಯವೇ ಇಲ್ಲ. ಬರೀ ಬಹುಮತ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ: ರಾಜ್ಯಪತ್ರದಲ್ಲಿ ಪ್ರಕಟವಾದ ಮೂರು ತಿಂಗಳೊಳಗೆ ಯಾವುದಾದರೂ ಒಂದು ಸದನದ ಐದನೇ ಒಂದು ಭಾಗದ ಸದಸ್ಯರು, ಅಥವಾ 5 ಲಕ್ಷ ಮತದಾರರು, ಅಥವಾ ಐದು ಪ್ರಾದೇಶಿಕ ಪರಿಷತ್ತುಗಳು ಜನಮತಕ್ಕೆ ಬೇಡಿಕೆ ಇಡಬಹುದು.

2019ರಲ್ಲಿ ಆದದ್ದು ಇದೇ. ಜುಲೈ 11ರಂದು ಸೆನೆಟ್ ಎರಡನೇ ಬಾರಿ ಮತ ಹಾಕಿದಾಗ ಪರವಾಗಿ ಬಂದದ್ದು 180 ಮತ, ಮೂರನೇ ಎರಡಕ್ಕೆ ಸಾಲದು. ಅಕ್ಟೋಬರ್ 8ರಂದು ಕೆಳಮನೆಯಲ್ಲಿ 553 ಮತ ಪರ, 14 ವಿರುದ್ಧ. ಎರಡು ಸದನಗಳ ನಡುವಿನ ಈ ಅಂತರಕ್ಕೆ ಕಾರಣ ನಡುವೆ ಬದಲಾದ ಸರ್ಕಾರ. ಅಲ್ಲಿಯವರೆಗೆ ವಿರೋಧಿಸುತ್ತಿದ್ದ ಡೆಮಾಕ್ರಟಿಕ್ ಪಕ್ಷ ಸೆಪ್ಟೆಂಬರ್‌ನಲ್ಲಿ, ಈ ಕಡಿತಕ್ಕೆ ಪಟ್ಟು ಹಿಡಿದಿದ್ದ ಫೈವ್ ಸ್ಟಾರ್ ಮೂವ್‌ಮೆಂಟ್ ಪಕ್ಷದ ಜೊತೆ ಸರ್ಕಾರ ಸೇರಿತು, ಕೊನೆಯ ಸುತ್ತಿನಲ್ಲಿ ಪರವಾಗಿ ನಿಂತಿತು. ಆದರೆ ಜುಲೈನಲ್ಲಿ ಸೆನೆಟ್‌ನಲ್ಲಿ ತಪ್ಪಿದ ಮತಗಳು ತಪ್ಪಿದ್ದವೇ. ಆ ಸಂದಿಯಲ್ಲಿ 71 ಸೆನೆಟರ್‌ಗಳು ಸಹಿ ಹಾಕಿ ಜನಮತ ಕೇಳಿದರು. 2020ರ ಮಾರ್ಚ್ 29ಕ್ಕೆ ದಿನ ಗೊತ್ತಾಗಿತ್ತು. ಕೋವಿಡ್ ಬಂದು ಸೆಪ್ಟೆಂಬರ್‌ಗೆ ಹೋಯಿತು.

ಮತದಾರರ ಕೈಗೆ ಬಂದ ಚೀಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ‘ಸಂಸದರ ಸಂಖ್ಯೆ ಇಳಿಸುವ ಕುರಿತು ಸಂವಿಧಾನದ 56, 57 ಮತ್ತು 59ನೇ ವಿಧಿಗಳ ತಿದ್ದುಪಡಿ’ ಎಂಬ, ಸಂಸತ್ತು ಒಪ್ಪಿ 2019ರ ಅಕ್ಟೋಬರ್ 12ರ ರಾಜ್ಯಪತ್ರದಲ್ಲಿ ಪ್ರಕಟವಾದ ಕಾಯ್ದೆಯ ಪಠ್ಯವನ್ನು ನೀವು ಒಪ್ಪುತ್ತೀರಾ? ಕೆಳಗೆ ಎರಡು ಚೌಕ, ಒಂದು ಹೌದು, ಒಂದು ಇಲ್ಲ. 400 ಎಂಬ ಅಂಕಿಯೂ ಇಲ್ಲ, 200 ಎಂಬುದೂ ಇಲ್ಲ. ಕ್ಷೇತ್ರಗಳ ಗಡಿ ಎಲ್ಲಿ ಬೀಳುತ್ತದೆ, ಸೀಟು ಹಂಚುವ ಸೂತ್ರ ಯಾವುದು, ಸಮಿತಿಗಳ ಗತಿ ಏನು, ಒಂದೂ ಇಲ್ಲ. ಇಂಥ ಜನಮತಗಳ ಅತಿ ದೊಡ್ಡ ದೌರ್ಬಲ್ಯ ಇಲ್ಲೇ ಇದೆ. ಜನ ಸಂಖ್ಯೆಗೆ ಮತ ಹಾಕುತ್ತಾರೆ, ಪರಿಣಾಮವನ್ನು ನಿರ್ಧರಿಸುವುದು ಚೀಟಿಯಲ್ಲಿಲ್ಲದ ಬೇರೆ ಕಾನೂನುಗಳು.

ಒಂದೇ ವಿಷಯ ಇದ್ದದ್ದರಿಂದಲೇ ಇದು ಪಾಸಾಯಿತು ಎನ್ನುವುದೂ ಸತ್ಯ. 2006ರಲ್ಲಿ ಕೆಳಮನೆಯನ್ನು 518ಕ್ಕೆ, ಸೆನೆಟನ್ನು 252ಕ್ಕೆ ಇಳಿಸುವ ಪ್ರಸ್ತಾವವನ್ನು ಹತ್ತಾರು ವಿಧಿಗಳ ತಿದ್ದುಪಡಿಯ ಗಂಟಿನೊಳಗೆ ಕಟ್ಟಿ ಕೊಟ್ಟಿದ್ದರು. ಶೇ 61ಕ್ಕೂ ಹೆಚ್ಚು ಮಂದಿ ತಿರಸ್ಕರಿಸಿದರು. 2016ರಲ್ಲಿ ಪ್ರಧಾನಿ ಮತ್ತೇಯೊ ರೆಂಜಿ ಸೆನೆಟನ್ನು 100 ಸದಸ್ಯರ ದುರ್ಬಲ ಸದನ ಮಾಡಲು ಹೊರಟರು, ಅದೂ ದೊಡ್ಡ ಗಂಟೇ. ಶೇ 59ರಷ್ಟು ಮಂದಿ ಬೇಡ ಎಂದರು, ರೆಂಜಿ ರಾಜೀನಾಮೆ ಕೊಟ್ಟರು. ಇನ್ನೊಂದು ವಿಷಯ: ಇಟಲಿಯಲ್ಲಿ ಕಾಯ್ದೆಯನ್ನು ರದ್ದು ಮಾಡುವ ಜನಮತಕ್ಕೆ ಅರ್ಧಕ್ಕಿಂತ ಹೆಚ್ಚು ಮತದಾರರು ಬರಲೇಬೇಕು, ಸಂವಿಧಾನ ತಿದ್ದುಪಡಿಯ ಜನಮತಕ್ಕೆ ಆ ಕೋರಂ ಇಲ್ಲ. 2020ರಲ್ಲಿ ಮತಗಟ್ಟೆಗೆ ಬಂದವರು ಶೇ 51ರಷ್ಟು. ಏಳು ಪ್ರದೇಶಗಳ ಚುನಾವಣೆಯೂ ಅದೇ ದಿನ ಇದ್ದದ್ದರಿಂದ ಅಷ್ಟಾದರೂ ಬಂದರು.

ಈಗ ಹಣದ ಮಾತು. ಫೈವ್ ಸ್ಟಾರ್ ಹೇಳಿದ್ದು ಐದು ವರ್ಷದ ಅವಧಿಗೆ 50 ಕೋಟಿ ಯೂರೊ ಉಳಿತಾಯ ಎಂದು. ಮಿಲಾನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಲೆಕ್ಕಪತ್ರಗಳ ಮೇಲೆ ಕಣ್ಣಿಟ್ಟಿರುವ, ಆಗ ಅರ್ಥಶಾಸ್ತ್ರಜ್ಞ ಕಾರ್ಲೊ ಕೊತ್ತರೆಲ್ಲಿ ನಡೆಸುತ್ತಿದ್ದ ಅಧ್ಯಯನ ಕೇಂದ್ರ ಕೂತು ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು 8.2 ಕೋಟಿ ಯೂರೊ ಖರ್ಚು ಕಡಿಮೆಯಾಗುತ್ತದೆ. ಆದರೆ ಸಂಸದರ ವೇತನದ ಮೇಲಿನ ತೆರಿಗೆ ಹೇಗೂ ಬೊಕ್ಕಸಕ್ಕೇ ವಾಪಸು ಬರುತ್ತಿತ್ತಲ್ಲ? ಅದನ್ನು ಕಳೆದರೆ ಉಳಿಯುವುದು 5.7 ಕೋಟಿ, ಐದು ವರ್ಷಕ್ಕೆ 28.5 ಕೋಟಿ. ಸರ್ಕಾರದ ಒಟ್ಟು ಖರ್ಚಿನಲ್ಲಿ ಇದು ಶೇ 0.007. ತಲೆಗೆ ಹಂಚಿದರೆ ವರ್ಷಕ್ಕೆ ಒಂದು ಯೂರೊಗಿಂತ ಕಡಿಮೆ, ಅಲ್ಲಿನ ಬಾರ್‌ನಲ್ಲಿ ನಿಂತು ಕುಡಿಯುವ ಒಂದು ಕಾಫಿಯ ಬೆಲೆ. ಇಷ್ಟು ಕಡಿಮೆ ಯಾಕೆಂದರೆ ಸಂಸತ್ತಿನ ಖರ್ಚಿನ ದೊಡ್ಡ ಪಾಲು ಸದಸ್ಯರ ತಲೆಯೆಣಿಕೆಗೆ ಅಂಟಿಕೊಂಡಿಲ್ಲ. ಕಟ್ಟಡ, ಸಿಬ್ಬಂದಿ, ಗ್ರಂಥಾಲಯ, ಭದ್ರತೆ, ಮಾಜಿ ಸದಸ್ಯರು ಮತ್ತು ನಿವೃತ್ತ ನೌಕರರ ಪಿಂಚಣಿ, ಇವೆಲ್ಲ 945 ಮಂದಿ ಇದ್ದರೂ ಅಷ್ಟೇ, 600 ಇದ್ದರೂ ಅಷ್ಟೇ. ಹಣ ಉಳಿಸಲೆಂದೇ ಸ್ಥಾನ ಕಡಿತ ಕೇಳುವವರಿಗೆ ನಾವು ಸ್ಪಷ್ಟವಾಗಿ ಹೇಳುವುದು ಇದನ್ನು: ಉಳಿತಾಯ ಸುಳ್ಳಲ್ಲ, ಆದರೆ ಅದೊಂದನ್ನೇ ನಂಬಿ ಮತ ಹಾಕುವಷ್ಟು ದೊಡ್ಡದೂ ಅಲ್ಲ.

ನಿಜವಾಗಿ ಬದಲಾಗುವುದು ಕ್ಷೇತ್ರದ ಗಾತ್ರ. ಮೊದಲು ಸುಮಾರು 96 ಸಾವಿರ ಜನರಿಗೆ ಒಬ್ಬ ಕೆಳಮನೆ ಸದಸ್ಯ ಇದ್ದ, ಈಗ 1.51 ಲಕ್ಷಕ್ಕೆ ಒಬ್ಬ. ಸೆನೆಟರ್‌ಗೆ 1.88 ಲಕ್ಷ ಇದ್ದದ್ದು 3.02 ಲಕ್ಷವಾಯಿತು. ಇದು ಬರೀ ಸರಾಸರಿ. ಇಟಲಿಯಲ್ಲಿ ಎಂಟರಲ್ಲಿ ಮೂರು ಭಾಗ ಸೀಟುಗಳಿಗೆ ಮಾತ್ರ ನಮ್ಮ ಹಾಗೆ ಒಂದು ಕ್ಷೇತ್ರಕ್ಕೆ ಒಬ್ಬ ಅಭ್ಯರ್ಥಿ ಗೆಲ್ಲುವ ಪದ್ಧತಿ, ಉಳಿದವು ಪಕ್ಷಗಳ ಪಟ್ಟಿಯಿಂದ ತುಂಬುತ್ತವೆ. ಏಕಸದಸ್ಯ ಕ್ಷೇತ್ರಗಳು ಕೆಳಮನೆಯಲ್ಲಿ 232ರಿಂದ 147ಕ್ಕೆ, ಸೆನೆಟ್‌ನಲ್ಲಿ 116ರಿಂದ 74ಕ್ಕೆ ಇಳಿದವು. ಹಾಗಾಗಿ ಈಗ ಕೆಳಮನೆಯ ಒಂದು ಕ್ಷೇತ್ರದಲ್ಲಿ ಸುಮಾರು 4 ಲಕ್ಷ ಜನ, ಸೆನೆಟ್ ಕ್ಷೇತ್ರದಲ್ಲಿ ಸುಮಾರು 8 ಲಕ್ಷ.

ದಕ್ಷಿಣದ ಬಸಿಲಿಕಾತ ಪ್ರದೇಶವನ್ನೇ ತೆಗೆದುಕೊಳ್ಳಿ. ವಿಸ್ತೀರ್ಣ ಸುಮಾರು 10,000 ಚದರ ಕಿಲೋಮೀಟರ್, ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು; ಅದರಂತೆಯೇ ಗುಡ್ಡಗಾಡು, ಚದುರಿದ ಊರುಗಳು. ಜನಸಂಖ್ಯೆ 6 ಲಕ್ಷದ ಒಳಗೆ. ಎರಡು ಪುಟ್ಟ ಪ್ರದೇಶಗಳನ್ನು ಬಿಟ್ಟು ಪ್ರತಿ ಪ್ರದೇಶಕ್ಕೆ ಕನಿಷ್ಠ ಏಳು ಸೆನೆಟರ್ ಎಂಬ ನಿಯಮವಿತ್ತು, ತಿದ್ದುಪಡಿ ಅದನ್ನು ಮೂರಕ್ಕೆ ಇಳಿಸಿತು. ಬಸಿಲಿಕಾತ ಮತ್ತು ಉಂಬ್ರಿಯ ತಲಾ 7ರಿಂದ 3ಕ್ಕೆ ಬಂದವು. ಇಡೀ ದೇಶಕ್ಕೆ ಕಡಿತ ಶೇ 36.5, ಈ ಎರಡಕ್ಕೆ ಶೇ 57. ಅದೇ ಹೊತ್ತಿಗೆ ಉತ್ತರದ ತ್ರೆಂತಿನೊ–ಆಲ್ತೊ ಆದಿಜೆಗೆ, ಅಲ್ಲಿನ ಎರಡು ಸ್ವಾಯತ್ತ ಪ್ರಾಂತ್ಯಗಳಿಗೆ ತಲಾ ಮೂರು ಎಂಬ ಲೆಕ್ಕದಲ್ಲಿ, ಆರು ಸೆನೆಟರ್‌ಗಳು ಉಳಿದರು. ಅಲ್ಲಿ 1.71 ಲಕ್ಷ ಜನಕ್ಕೆ ಒಬ್ಬ ಸೆನೆಟರ್. ಅದಕ್ಕಿಂತ ಹೆಚ್ಚು ಜನರಿರುವ ಅಬ್ರುಜ್ಜೊದಲ್ಲಿ 3.26 ಲಕ್ಷಕ್ಕೆ ಒಬ್ಬ. ಒಂದು ಮತದ ತೂಕ ಇನ್ನೊಂದರ ಸುಮಾರು ಎರಡರಷ್ಟು. ‘ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿತ’ ಎಂಬುದು ಕಾಗದದ ಮೇಲೆ ಮಾತ್ರ. ಕನಿಷ್ಠ ಸ್ಥಾನದ ನಿಯಮ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕತ್ತರಿ ಓರೆಯಾಗಿಯೇ ಬೀಳುತ್ತದೆ.

ಚಿಕ್ಕ ಪಕ್ಷಗಳಿಗೆ ಬೀಳುವ ಪೆಟ್ಟು ಇನ್ನೂ ಸೂಕ್ಷ್ಮ. ಕೂಡಿ ಕಳೆದು ನೋಡಿದರೆ ಮಾತ್ರ ಕಾಣುತ್ತದೆ. ಒಂದು ಕಾಲ್ಪನಿಕ ಪ್ರದೇಶ ಇಟ್ಟುಕೊಳ್ಳಿ, 1 ಲಕ್ಷ ಮತ, ಎಲ್ಲ ಸೀಟೂ ಪ್ರಮಾಣಾನುಗುಣ ಪದ್ಧತಿಯಲ್ಲಿ ಹಂಚಿಕೆ. ನಾಲ್ಕು ಪಕ್ಷಗಳಿಗೆ 42, 30, 17 ಮತ್ತು 11 ಸಾವಿರ ಮತ. ಸೀಟು ಏಳಿದ್ದರೆ ಒಂದು ಸೀಟಿನ ಬೆಲೆ 14,285 ಮತ. ಪೂರ್ಣ ಬೆಲೆಗೆ ಮೊದಲ ಪಕ್ಷಕ್ಕೆ 2, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಉಳಿದ ಎರಡು ಸೀಟು ಅತಿ ಹೆಚ್ಚು ಶೇಷ ಇರುವವರಿಗೆ: ಮೊದಲ ಪಕ್ಷದ ಶೇಷ 13,429, ನಾಲ್ಕನೆಯದರ 11,000. ಕೊನೆಗೆ 3, 2, 1, 1. ಎಲ್ಲರೂ ಒಳಗೆ. ಈಗ ಸೀಟು ಮೂರೇ ಎಂದುಕೊಳ್ಳಿ. ಬೆಲೆ 33,333 ಆಗುತ್ತದೆ. ಮೊದಲ ಪಕ್ಷಕ್ಕೆ 1, ಶೇಷ 8,667. ಉಳಿದ ಎರಡು ಸೀಟು 30 ಸಾವಿರದವರಿಗೆ ಮತ್ತು 17 ಸಾವಿರದವರಿಗೆ. ಫಲಿತಾಂಶ 1, 1, 1, 0. ಶೇ 42ಕ್ಕೂ ಒಂದು, ಶೇ 17ಕ್ಕೂ ಒಂದು, ಶೇ 11 ಹೊರಗೆ. ಸೀಟು ಎರಡಾದರೆ 1, 1, 0, 0: ನೂರಕ್ಕೆ 28 ಮತದಾರರಿಗೆ ಪ್ರತಿನಿಧಿಯೇ ಇಲ್ಲ. ಬಸಿಲಿಕಾತದ ಮೂರು ಸೆನೆಟ್ ಸೀಟಿನಲ್ಲಿ ಒಂದು ಏಕಸದಸ್ಯ ಕ್ಷೇತ್ರಕ್ಕೆ ಹೋಗಿ, ಪಟ್ಟಿಗೆ ಉಳಿಯುವುದು ಎರಡೇ. ಕಾನೂನಿನಲ್ಲಿ ಬರೆದಿರುವ ಮತ ಮಿತಿ ದೇಶಕ್ಕೆ ಶೇ 3. ಸೀಟು ಕಡಿಮೆಯಾದಷ್ಟೂ ಎಲ್ಲೂ ಬರೆಯದ ಇನ್ನೊಂದು ಮಿತಿ ಅದಕ್ಕಿಂತ ಬಹಳ ಮೇಲೆ ಏರಿ ಕೂರುತ್ತದೆ.

2022ರ ಸೆಪ್ಟೆಂಬರ್ 25ರ ಚುನಾವಣೆ 600 ಸ್ಥಾನಗಳ ಮೊದಲ ಚುನಾವಣೆ. ಬಲಪಂಥೀಯ ಮೈತ್ರಿಕೂಟ ಸುಮಾರು ಶೇ 44 ಮತಕ್ಕೆ ಕೆಳಮನೆಯ 400ರಲ್ಲಿ 237 ಸ್ಥಾನ ಗೆದ್ದಿತು. ಇದನ್ನು ತೋರಿಸಿ ‘ನೋಡಿ, ಕಡಿತದ ಫಲ’ ಎನ್ನುವವರಿದ್ದಾರೆ, ಅದು ಸರಿಯಲ್ಲ. ಏಕಸದಸ್ಯ ಕ್ಷೇತ್ರಗಳ ಪಾಲು ಮೊದಲೂ ಎಂಟರಲ್ಲಿ ಮೂರು, ಈಗಲೂ ಅಷ್ಟೇ. ವಿರೋಧ ಪಕ್ಷಗಳು ಬೇರೆ ಬೇರೆ ನಿಂತು ಮತ ಒಡೆದದ್ದೇ ಅಲ್ಲಿ ಮುಖ್ಯ ಕಾರಣ.

ಇಟಲಿ ಸರಿಯಾಗಿ ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು, ಯಾಕೆಂದರೆ ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಚುನಾವಣಾ ಕಾಯ್ದೆಯಲ್ಲಿ ‘232 ಕ್ಷೇತ್ರ’ ಎಂದು ಅಂಕಿ ಬರೆದಿದ್ದರೆ, ಸದನ 400ಕ್ಕೆ ಇಳಿದ ಮರುದಿನ ಆ ಕಾಯ್ದೆ ಕೆಲಸಕ್ಕೆ ಬಾರದಂತಾಗುತ್ತದೆ. ಸರ್ಕಾರ ಬಿದ್ದರೆ ಚುನಾವಣೆ ನಡೆಸಲು ಕಾನೂನೇ ಇಲ್ಲ! ಅದಕ್ಕೇ 2019ರ 51ನೇ ಕಾಯ್ದೆಯಲ್ಲಿ ಅಂಕಿಯನ್ನು ತೆಗೆದು ಭಿನ್ನರಾಶಿ ಬರೆದರು: ಒಟ್ಟು ಸೀಟಿನ ಎಂಟರಲ್ಲಿ ಮೂರು. ಸದನ ಎಷ್ಟೇ ಆಗಲಿ ಲೆಕ್ಕ ನಡೆಯುತ್ತದೆ. ಹೊಸ ಗಡಿ ಎಳೆಯಲು ಸರ್ಕಾರಕ್ಕೆ 60 ದಿನ ಕೊಟ್ಟರು, ಅಷ್ಟು ದಿನ ಕಳೆಯುವ ಮೊದಲು ಹೊಸ ಸಂಖ್ಯೆ ಅನ್ವಯವಾಗದಂತೆ ತಿದ್ದುಪಡಿಯಲ್ಲೇ ಬೀಗ ಹಾಕಿದರು. ಇದ್ದ ಸದಸ್ಯರ ಅವಧಿಯನ್ನೂ ಮುಟ್ಟಲಿಲ್ಲ.

ಸದನದ ಒಳಗಿನ ಕೆಲಸಕ್ಕೆ ಮಾತ್ರ ಅಷ್ಟು ಮುಂಚಿತವಾಗಿ ಕೈ ಹಚ್ಚಲಿಲ್ಲ. ಸೆನೆಟ್‌ನಲ್ಲಿ 14 ಸ್ಥಾಯಿ ಸಮಿತಿಗಳಿದ್ದವು. 200 ಮಂದಿಯನ್ನು ಹಂಚಿದರೆ ಸಮಿತಿಗೆ ಹದಿನಾಲ್ಕೇ ಮಂದಿ, ಅವರಲ್ಲಿ ಕೆಲವರು ಮಂತ್ರಿಗಳಾಗಿ ಹೋಗುತ್ತಾರೆ. ಎಂಟು ಮಂದಿ ಸೇರಿ ಬಜೆಟ್ಟಿನ ಒಂದು ಭಾಗವನ್ನೇ ತಿದ್ದಬಹುದಾದ ಸ್ಥಿತಿ. ಆರು ಸದಸ್ಯರ ಗುಂಪಿನವರು ಒಂದೇ ಹೊತ್ತಿಗೆ ಎರಡು ಸಮಿತಿಗಳಲ್ಲಿ ಕೂರಲಾಗದೆ ಒಂದನ್ನು ಬಿಡುತ್ತಾರೆ. ಜನಮತ ಮುಗಿದು ಎರಡು ವರ್ಷ ತುಂಬುತ್ತ ಬಂದ ಮೇಲೆ, 2022ರ ಜುಲೈ ಕೊನೆಯಲ್ಲಿ, ಚುನಾವಣೆ ಘೋಷಣೆಯಾಗಿದ್ದಾಗ ಸೆನೆಟ್ ನಿಯಮ ತಿದ್ದಿ ಸಮಿತಿಗಳನ್ನು 10ಕ್ಕೆ ಇಳಿಸಿತು. ಕೆಳಮನೆ 14ನ್ನೇ ಉಳಿಸಿಕೊಂಡಿತು. ಡೆಮಾಕ್ರಟಿಕ್ ಪಕ್ಷ ಬೆಂಬಲಕ್ಕೆ ಬದಲಾಗಿ ಕೇಳಿದ್ದ ಹೊಸ ಚುನಾವಣಾ ಕಾಯ್ದೆ ಬರಲೇ ಇಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರ ಜೊತೆ ಮತ ಹಾಕಲು ಪ್ರದೇಶಗಳಿಂದ ಬರುವ 58 ಪ್ರತಿನಿಧಿಗಳ ಸಂಖ್ಯೆ ಹಾಗೇ ಉಳಿಯಿತು. ಚುನಾಯಿತರೆಲ್ಲರ ನಡುವೆ ಅವರ ತೂಕ ಶೇ 5.8 ಇದ್ದದ್ದು ಯಾರೂ ಕೇಳದೆಯೇ ಶೇ 8.8 ಆಯಿತು. ಹೊರದೇಶದ ಇಟಲಿ ಪೌರರಿಗಿದ್ದ ಸೀಟು 18ರಿಂದ 12ಕ್ಕೆ ಬಂತು. ಆಫ್ರಿಕಾ, ಏಷ್ಯಾ, ಓಶಿಯಾನಿಯಾ, ಅಂಟಾರ್ಕ್ಟಿಕಾ ಎಲ್ಲ ಸೇರಿ ಒಂದೇ ಕ್ಷೇತ್ರ. ಬೆಂಗಳೂರಿನಲ್ಲಿ ನೆಲೆಸಿದ ಇಟಲಿ ಪೌರನ ಅಂಚೆ ಮತವೂ ಸಿಡ್ನಿಯವನ ಮತವೂ ಅದೇ ಡಬ್ಬಿಗೆ.

ಬೇರೆ ದೇಶಗಳಲ್ಲಿ ಜನ ‘ಹೌದು’ ಎಂದರೂ ಏನೂ ಆಗದ ಉದಾಹರಣೆಗಳಿವೆ. ನ್ಯೂಜಿಲೆಂಡ್‌ನಲ್ಲಿ 1999ರ ನವೆಂಬರ್ 27ರಂದು 120 ಸಂಸದರನ್ನು 99ಕ್ಕೆ ಇಳಿಸಬೇಕೇ ಎಂಬ ಪ್ರಶ್ನೆಗೆ ಶೇ 81ಕ್ಕೂ ಹೆಚ್ಚು ಮಂದಿ ಹೌದು ಎಂದರು. ಅದು ಸರ್ಕಾರವನ್ನು ಕಟ್ಟಿಹಾಕುವ ಮತವಲ್ಲ, ಸಂಸತ್ತು ಜಾರಿ ಮಾಡಲಿಲ್ಲ. ಮಾಡಿದ್ದರೂ ತೊಡಕಿತ್ತು: ದಕ್ಷಿಣ ದ್ವೀಪಕ್ಕೆ 16 ಸಾಮಾನ್ಯ ಕ್ಷೇತ್ರ ಎಂದು ಕಾನೂನಿನಲ್ಲೇ ಇದೆ, ಉತ್ತರ ದ್ವೀಪದ ಕ್ಷೇತ್ರಗಳ ಗಾತ್ರವೂ ಅದರಿಂದಲೇ ನಿರ್ಧಾರವಾಗುತ್ತದೆ. ಆಗ ಇದ್ದದ್ದು 67 ಕ್ಷೇತ್ರ, 53 ಪಟ್ಟಿ ಸೀಟು. 99ಕ್ಕೆ ಇಳಿಸಿದರೆ ಕಡಿತವೆಲ್ಲ ಪಟ್ಟಿಯ ಮೇಲೆ ಬಿದ್ದು 32 ಉಳಿಯುತ್ತಿತ್ತು. ಮತಕ್ಕೆ ತಕ್ಕಷ್ಟು ಸೀಟು ಎಂಬ ಪದ್ಧತಿಯ ಆಧಾರವೇ ಅದು. ರೊಮೇನಿಯಾದಲ್ಲಿ 2009ರ ನವೆಂಬರ್ 22ರಂದು ಸದಸ್ಯರು 300 ಮೀರಬಾರದು ಎಂದು ಶೇ 88ಕ್ಕೂ ಹೆಚ್ಚು ಮಂದಿ ಹೇಳಿದರು. ಆಗ ಇದ್ದವರು 471. ಮೂರು ವರ್ಷದ ನಂತರದ ಚುನಾವಣೆಯಲ್ಲಿ ಆಯ್ಕೆಯಾದವರು 588! ಒಂದೇ ಮೈತ್ರಿಕೂಟ ಬಹುತೇಕ ಕ್ಷೇತ್ರಗಳನ್ನು ಗೆದ್ದಾಗ ಉಳಿದವರಿಗೆ ಸರಿದೂಗಿಸುವ ಸೀಟುಗಳನ್ನು ಸೇರಿಸುತ್ತ ಹೋಗಬೇಕೆಂದು ಚುನಾವಣಾ ಕಾಯ್ದೆಯಲ್ಲಿತ್ತು, ಅದನ್ನು ಯಾರೂ ತಿದ್ದಿರಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1980ರ ಮತ ಜಾರಿಯಾಯಿತು, ಕೆಳಮನೆ 177ರಿಂದ 118ಕ್ಕೆ ಬಂತು. ಅದರೊಂದಿಗೆ ಒಂದು ಕ್ಷೇತ್ರದಿಂದ ಮೂವರನ್ನು ಆರಿಸುವ ಹಳೆಯ ಪದ್ಧತಿಯೂ ಹೋಯಿತು. ಹಿಂದೆ ಬಹುತೇಕ ಪ್ರತಿ ಕ್ಷೇತ್ರದಲ್ಲೂ ಎರಡನೇ ಪಕ್ಷದ ಒಬ್ಬರಾದರೂ ಗೆಲ್ಲುತ್ತಿದ್ದರು, ಆಮೇಲೆ ಆ ದಾರಿ ಮುಚ್ಚಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಭಾರತದ ಸಂವಿಧಾನದಲ್ಲಿ ಇಂಥ ಜನಮತಕ್ಕೆ ಅವಕಾಶವಿಲ್ಲ. ವಿಧಾನಸಭೆಗೆ 60ಕ್ಕಿಂತ ಕಡಿಮೆ ಇಲ್ಲದಂತೆ, 500 ಮೀರದಂತೆ ಸ್ಥಾನ ಇರಬೇಕು ಎಂದು 170ನೇ ವಿಧಿ ಹೇಳುತ್ತದೆ. ಒಳಗಿನ ಸಂಖ್ಯೆಯನ್ನು ನಿಗದಿ ಮಾಡುವುದು ಸಂಸತ್ತಿನ ಕಾನೂನು ಮತ್ತು ಕ್ಷೇತ್ರ ಮರುವಿಂಗಡಣೆ. 1971ರ ಜನಗಣತಿಗೆ ಕಟ್ಟಿದ ಒಟ್ಟು ಸಂಖ್ಯೆಯನ್ನು 2001ರ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಹಿಡಿದಿಟ್ಟಿತು. ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಇನ್ನೊಂದು ದಿಕ್ಕಿಗೆ: ಹೊಸ ಸಂಸತ್ ಭವನದ ಲೋಕಸಭಾ ಸಭಾಂಗಣಕ್ಕೆ 888 ಆಸನ ಇಟ್ಟಿದ್ದಾರೆ, ಇರುವ ಸದಸ್ಯರು 543.

ಲೆಕ್ಕಕ್ಕಾಗಿ ಇಟಲಿಯ ಕತ್ತರಿಯನ್ನು ಕರ್ನಾಟಕಕ್ಕೆ ಹಾಕಿ ನೋಡೋಣ. 2011ರ ಜನಗಣತಿಯಂತೆ 6.11 ಕೋಟಿ ಜನ, 224 ಶಾಸಕರು, ತಲಾ 2.73 ಲಕ್ಷ. ಮೂರನೇ ಒಂದು ಭಾಗ ತೆಗೆದರೆ 149 ಸ್ಥಾನ, ತಲಾ 4.1 ಲಕ್ಷ. ಕೊಡಗಿನ ಎರಡು ಕ್ಷೇತ್ರ ಒಂದಾಗುತ್ತದೆ. ಉತ್ತರ ಕನ್ನಡದ ಆರು ಕ್ಷೇತ್ರ ಮೂರೋ ನಾಲ್ಕೋ ಆಗುತ್ತದೆ. ಘಟ್ಟದ ಮೇಲಿನ ತಾಲ್ಲೂಕನ್ನು ಕರಾವಳಿಗೆ ಸೇರಿಸದೆ ಗಡಿ ಎಳೆಯುವುದು ಕಷ್ಟ. ಪರಿಶಿಷ್ಟ ಜಾತಿಯ 36 ಮೀಸಲು ಕ್ಷೇತ್ರ ಸುಮಾರು 24ಕ್ಕೆ, ಪರಿಶಿಷ್ಟ ಪಂಗಡದ 15 ಸುಮಾರು 10ಕ್ಕೆ ಇಳಿಯುತ್ತದೆ. ಪ್ರಮಾಣ ಅದೇ ಇದ್ದರೂ ಸದನದಲ್ಲಿ ಎದ್ದು ನಿಲ್ಲುವ ದನಿಗಳು ಕಡಿಮೆಯಾಗುತ್ತವೆ. ಬೆಂಗಳೂರಿನ ಕ್ಷೇತ್ರಕ್ಕೆ ಇದು ನಾಲ್ಕಾರು ರಸ್ತೆ ಹೆಚ್ಚಾದಂತೆ. ಜೋಯಿಡಾದ ಹಳ್ಳಿಯವರಿಗೆ ಶಾಸಕರ ಕಚೇರಿ ಇನ್ನೊಂದು ಬಸ್ಸಿನಷ್ಟು ದೂರ.

ಸಂಖ್ಯೆಗೆ ಕಡಿವಾಣ ನಮ್ಮಲ್ಲಿ ಬಂದದ್ದು ಮಂತ್ರಿಮಂಡಲಕ್ಕೆ, ಅದೂ ಸಂಸತ್ತಿನಿಂದಲೇ. 2003ರ 91ನೇ ತಿದ್ದುಪಡಿ ಮಂತ್ರಿಗಳು ಸದನದ ಬಲದ ಶೇ 15 ಮೀರಬಾರದು ಎಂದಿತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34. ರಾಜ್ಯದ ಕೈಯಲ್ಲಿ ಅರ್ಧ ಹಿಡಿ ಇರುವುದು ವಿಧಾನ ಪರಿಷತ್ತಿನ ವಿಷಯದಲ್ಲಿ ಮಾತ್ರ. 169ನೇ ವಿಧಿಯಂತೆ ವಿಧಾನಸಭೆ ತನ್ನ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲದಿಂದ ನಿರ್ಣಯ ಮಾಡಿದರೆ, ಸಂಸತ್ತು ಸಾಮಾನ್ಯ ಕಾಯ್ದೆಯಿಂದ ಪರಿಷತ್ತನ್ನು ತೆಗೆಯಬಹುದು. ನಿರ್ಣಯ ಬಂತೆಂದು ಸಂಸತ್ತು ಕಾಯ್ದೆ ಮಾಡಲೇಬೇಕೆಂದಿಲ್ಲ. ಆಂಧ್ರಪ್ರದೇಶದ ಪರಿಷತ್ತು 1985ರಲ್ಲಿ ಹೀಗೆ ಹೋಯಿತು, 2007ರಲ್ಲಿ ಮತ್ತೆ ಬಂತು. 2020ರ ಜನವರಿಯಲ್ಲಿ ತೆಗೆಯಿರಿ ಎಂದು ಅಲ್ಲಿನ ವಿಧಾನಸಭೆ ಮತ್ತೊಮ್ಮೆ ನಿರ್ಣಯ ಮಾಡಿತು. ದೆಹಲಿಯಲ್ಲಿ ಅದು ಕಾಯ್ದೆಯಾಗಲಿಲ್ಲ, 2021ರ ನವೆಂಬರ್‌ನಲ್ಲಿ ಅದೇ ಸಭೆ ನಿರ್ಣಯವನ್ನು ಹಿಂತೆಗೆದುಕೊಂಡಿತು. ನಮ್ಮ 75 ಸ್ಥಾನಗಳ ಪರಿಷತ್ತಿನ ಬಗ್ಗೆ ನಿಮ್ಮ ಆಕ್ಷೇಪವಿದ್ದರೆ ಅರ್ಜಿ ಕೊಡಬೇಕಾದದ್ದು ನಿಮ್ಮ ಕ್ಷೇತ್ರದ ಶಾಸಕರಿಗೆ. ಆ ನಿರ್ಣಯಕ್ಕೆ ಮತ ಹಾಕುವ ಅಧಿಕಾರ ಇರುವುದು ಅವರಿಗೇ.